ಮಕ್ಕಳ ಜೊತೆ ರಾತ್ರಿ ರೈಲು: ಅಮ್ಮನಿಗೂ ನಿದ್ದೆ ಬೇಕು

(ಮಹಿಳಾ ವೇದಿಕೆಯ ಆನ್‌ಲೈನ್ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ರಜೆ ಹತ್ತಿರ ಬರುತ್ತಿದೆ, ಪುಟ್ಟ ಮಕ್ಕಳನ್ನು ಕರೆದುಕೊಂಡು ರಾತ್ರಿ ರೈಲಿನಲ್ಲಿ ಊರಿಗೆ ಹೋಗುವುದರ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕೇಳಿದರು. ಇಲ್ಲಿ ನನಗಿಂತ ಹೆಚ್ಚು ಮಕ್ಕಳನ್ನು, ಹೆಚ್ಚು ಸಾಮಾನನ್ನು ಹೊತ್ತು ತಿರುಗಿದ ಹಿರಿಯರಿದ್ದೀರಿ. ಆರು ಹೆತ್ತವಳಿಗೆ ಮೂರು ಹೆತ್ತವಳು ಹೇಳಿದ ಹಾಗೆ ಆಗಬಾರದು. ಆದ್ದರಿಂದ ನನ್ನ ಮಾತು ಮುಖ್ಯವಾಗಿ ಕೈಯಲ್ಲಿ ಒಂದು, ಸೊಂಟದಲ್ಲಿ ಒಂದು ಮಗು ಇರುವ ತಂಗಿಯರಿಗೆ. ನನ್ನ ಇಬ್ಬರು ಮಕ್ಕಳೂ ಕೇರಳದಲ್ಲೇ ಬೆಳೆದವರು. ಅಜ್ಜಿಮನೆ ಅಂದರೆ ಅವರಿಗೆ ಮೊದಲು ನೆನಪಾಗುವುದು ರೈಲಿನ ಬರ್ತ್.

ಈ ವಿಷಯವನ್ನು ಸಣ್ಣದು ಅಂತ ಪಕ್ಕಕ್ಕಿಡಬೇಡಿ. ನಮ್ಮಲ್ಲೇ ಒಬ್ಬ ತಂಗಿ, ಹೆಸರು ಬೇಡ, ಮಗು ಹುಟ್ಟಿದ ಮೇಲೆ ಮೂರು ವರ್ಷ ಊರಿಗೆ ಹೋಗಲಿಲ್ಲ. "ಇನ್ನೂ ಚಿಕ್ಕವನು, ರಾತ್ರಿಯೆಲ್ಲ ರೈಲಿನಲ್ಲಿ ಸುಧಾರಿಸುವುದು ನನ್ನಿಂದಾಗದು, ಸ್ವಲ್ಪ ದೊಡ್ಡವನಾಗಲಿ" ಅನ್ನುತ್ತಿದ್ದಳು. ಅಜ್ಜಿ ತಾತ ವಿಡಿಯೋ ಕರೆಯಲ್ಲೇ ಮೊಮ್ಮಗನನ್ನು ನೋಡಿದರು. ಕೊನೆಗೆ ಅವರೇ ಇಲ್ಲಿಗೆ ಬಂದಾಗ ಮಗು ಬಾಗಿಲ ಹಿಂದೆ ಅಡಗಿಕೊಂಡಿತು. ಫೋನಿನಲ್ಲಿ "ಅಜ್ಜೀ" ಅನ್ನುತ್ತಿದ್ದ ಮಗುವೇ ಅದು! ಮಕ್ಕಳು ಕಾಯುತ್ತಾರೆ ನಿಜ, ಅಜ್ಜಿ ತಾತಂದಿರ ವಯಸ್ಸು ಕಾಯುವುದಿಲ್ಲ. ಓಣಿ ಕೂಸು ಬೆಳೆಯಿತು, ಕೋಣೆ ಕೂಸು ಕೊಳೆಯಿತು ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ.

ಆ ತಂಗಿಯ ಭಯ ಏನು ಅಂತ ಕೇಳಿದೆ. ಮಗುವಿನದಲ್ಲ, ತನ್ನದೇ. ಹಿಂದಿನ ಸಲ ಇಡೀ ರಾತ್ರಿ ಕೂತೇ ಕಳೆದಿದ್ದಳಂತೆ. ಬೆಳಿಗ್ಗೆ ತವರಿಗೆ ಕಾಲಿಡುವಷ್ಟರಲ್ಲಿ ತಲೆನೋವು, ಎರಡು ದಿನ ಹಾಸಿಗೆ. ಈಗ ನಾನು ಹೇಳಬೇಕೆಂದಿರುವುದು ಇದೇ ಒಂದು ಮಾತು. ಮಕ್ಕಳ ಜೊತೆಗಿನ ರೈಲು ಪ್ರಯಾಣವನ್ನು ನಾವು ಚೀಲದ ಲೆಕ್ಕದಲ್ಲಿ ಯೋಚಿಸುತ್ತೇವೆ. ರಾತ್ರಿಯ ಲೆಕ್ಕದಲ್ಲಿ ಯೋಚಿಸಬೇಕು. ಆ ರಾತ್ರಿ ಅಮ್ಮನಿಗೆ ನಾಲ್ಕು ಗಂಟೆಯಾದರೂ ನಿದ್ದೆ ಸಿಗುವ ಹಾಗೆ ಏರ್ಪಾಡು ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು.

ಮೊದಲು ಯಾವ ರೈಲು ಅಂತ ನೋಡೋಣ. ಬೆಂಗಳೂರಿಗೆ ನಮ್ಮ ಹಳೆಯ ಬಂಟ ಐಲ್ಯಾಂಡ್ ಎಕ್ಸ್‌ಪ್ರೆಸ್. ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್‌ನಿಂದ ಹೊರಡುತ್ತಿದ್ದ ಕಾಲದಲ್ಲಿ ಬಂದ ಹೆಸರು ಅದು. 1976ರಲ್ಲಿ ಎರ್ನಾಕುಲಂನಿಂದ ತಿರುವನಂತಪುರದವರೆಗಿನ ಮೀಟರ್‌ಗೇಜ್ ಹಳಿ ಬ್ರಾಡ್‌ಗೇಜ್ ಆಯಿತು. ಅದಕ್ಕೂ ಮೊದಲು ತಿರುವನಂತಪುರದಿಂದ ಬರುವವರು ಎರ್ನಾಕುಲಂನಲ್ಲಿ ಮಕ್ಕಳು, ಟ್ರಂಕು, ಹಾಸಿಗೆ ಸುರುಳಿ ಎಲ್ಲ ಇಳಿಸಿ ಇನ್ನೊಂದು ಗಾಡಿಗೆ ಹತ್ತಿಸಬೇಕಿತ್ತು. ಈಗ ಅದು ಕನ್ಯಾಕುಮಾರಿಯಿಂದ ಹೊರಟು ಮಧ್ಯಾಹ್ನ ತಿರುವನಂತಪುರ, ಸಂಜೆ ಎರ್ನಾಕುಲಂ, ರಾತ್ರಿ ಊಟದ ಹೊತ್ತಿಗೆ ಪಾಲಕ್ಕಾಡ್, ಮಾರನೆ ದಿನ ಬೆಳಿಗ್ಗೆ ಬೆಂಗಳೂರು. ಇನ್ನೊಂದು, ತಿರುವನಂತಪುರ ನಾರ್ತ್‌ನಿಂದ ಮೈಸೂರಿಗೆ ಹೋಗುವ ರೈಲು. ಕೊಚ್ಚುವೇಳಿ ಅನ್ನುತ್ತಿದ್ದ ನಿಲ್ದಾಣಕ್ಕೆ 2024ರಿಂದ ಈ ಹೆಸರು. ಅದು ಸಂಜೆ ಹೊರಡುತ್ತದೆ, ಕೊಚ್ಚಿಗೆ ಬರುವಾಗ ರಾತ್ರಿ ಊಟದ ಹೊತ್ತು ದಾಟಿರುತ್ತದೆ. ಮಂಗಳೂರು, ಕಾಸರಗೋಡು ಕಡೆಯವರಿಗೆ ಮಲಬಾರ್ ಮತ್ತು ಮಾವೇಲಿ ಎಕ್ಸ್‌ಪ್ರೆಸ್‌ಗಳಿವೆ. ಎರಡೂ ಸಂಜೆ ತಿರುವನಂತಪುರ ಬಿಟ್ಟು ಬೆಳಗಿನ ಹೊತ್ತಿಗೆ ಕಾಸರಗೋಡು ದಾಟುತ್ತವೆ. ಹೊರಡುವ ಮೊದಲು ಆಯಾ ಕಾಲದ ವೇಳಾಪಟ್ಟಿ ಒಮ್ಮೆ ನೋಡಿಕೊಳ್ಳಿ.

ಮಗುವಿನ ಸ್ವಭಾವ ನೋಡಿ ರೈಲು ಆರಿಸಿ. ಕೊಚ್ಚಿಯಿಂದ ಹೊರಡುವವರ ಮಗು ಹೊಸ ಜಾಗದಲ್ಲಿ ಬೇಗ ನಿದ್ದೆ ಮಾಡದಿದ್ದರೆ ಸಂಜೆಯ ಐಲ್ಯಾಂಡ್ ಒಳ್ಳೆಯದು. ಕಿಟಕಿ ನೋಡಿ, ಆಟವಾಡಿ, ಊಟ ಮಾಡಿ, ಬರ್ತ್ ಪರಿಚಯವಾಗಿ ಆಮೇಲೆ ಮಲಗುತ್ತದೆ. ಎಂಟಕ್ಕೆಲ್ಲ ತೂಕಡಿಸುವ ಮಗುವಾದರೆ ಮೈಸೂರು ರೈಲು. ಮನೆಯಲ್ಲೇ ಊಟ ಮಾಡಿಸಿ ರಾತ್ರಿ ಬಟ್ಟೆ ಹಾಕಿಸಿಯೇ ನಿಲ್ದಾಣಕ್ಕೆ ಬನ್ನಿ.

ಕೊಚ್ಚಿಗೆ ಹೊಸದಾಗಿ ಬಂದವರಿಗೆ ಒಂದು ಎಚ್ಚರಿಕೆ. ಎರ್ನಾಕುಲಂನಲ್ಲಿ ಎರಡು ದೊಡ್ಡ ನಿಲ್ದಾಣಗಳಿವೆ. ಜಂಕ್ಷನ್ ಅಂದರೆ ಜನರ ಬಾಯಲ್ಲಿ ಸೌತ್, ಟೌನ್ ಅಂದರೆ ನಾರ್ತ್. ಐಲ್ಯಾಂಡ್, ಮೈಸೂರು ರೈಲು, ಮಲಬಾರ್ ನಿಲ್ಲುವುದು ನಾರ್ತ್‌ನಲ್ಲಿ. ಮಾವೇಲಿ ಆಲಪ್ಪುಳ ದಾರಿಯಲ್ಲಿ ಬಂದು ಸೌತ್‌ನಲ್ಲಿ ನಿಲ್ಲುತ್ತದೆ. ಟಿಕೆಟ್‌ನಲ್ಲಿ ಯಾವ ನಿಲ್ದಾಣ ಅಂತ ಓದಿಕೊಂಡೇ ಆಟೋ ಹತ್ತಿ. ಮಳೆಗಾಲದ ಸಂಜೆ ಮಕ್ಕಳನ್ನು ಎತ್ತಿಕೊಂಡು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಓಡುವುದು ಯಾರಿಗೂ ಬೇಡ.

ಈಗ ಟಿಕೆಟ್. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಏಪ್ರಿಲ್-ಮೇ ರಜೆ, ಓಣಂ, ದಸರಾ, ಈ ಮೂರು ಕಾಲಕ್ಕೆ ತೆರೆದ ದಿನವೇ ಮಾಡಿಬಿಡಿ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಬರ್ತ್ ಕೂಡ ಇಲ್ಲ. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. 2016ರ ಏಪ್ರಿಲ್‌ನಿಂದ ಇದೇ ನಿಯಮ. ಎಷ್ಟೋ ಮನೆಗಳಲ್ಲಿ ಏನಾಗುತ್ತದೆ? "ಮಗು ಅಮ್ಮನ ಜೊತೆ ಮಲಗಲಿ, ಅರ್ಧ ಟಿಕೆಟ್ ಸಾಕು" ಅಂತ ತೀರ್ಮಾನವಾಗುತ್ತದೆ. ಬರ್ತಿನ ಅಗಲ ಸುಮಾರು ಎರಡು ಅಡಿ. ಅದರಲ್ಲಿ ಕೈಕಾಲು ಆಡಿಸುವ ಆರು ವರ್ಷದ ಹುಡುಗ ಮಲಗಿದರೆ ಅಮ್ಮನಿಗೆ ಉಳಿಯುವುದು ಅಂಚು ಮಾತ್ರ. ಉಳಿದ ಅರ್ಧ ಟಿಕೆಟ್ಟಿನ ಹಣ ಅಮ್ಮನ ಒಂದು ರಾತ್ರಿಯ ನಿದ್ದೆಯಿಂದ ಬಂದದ್ದು. ಆ ಹಣ ಮಗುವಿನ ಹೆಸರಿನಲ್ಲಿ ಖರ್ಚಾದರೂ ಪ್ರಯೋಜನ ಅಮ್ಮನಿಗೆ ಅಂತ ಮನೆಯಲ್ಲಿ ಧೈರ್ಯವಾಗಿ ಹೇಳಿ. ಐದು ವರ್ಷದೊಳಗಿನ ಮಗುವಿಗೂ ಬೇಕೆಂದರೆ ಪೂರ್ತಿ ದರ ಕೊಟ್ಟು ಬರ್ತ್ ತೆಗೆದುಕೊಳ್ಳಬಹುದು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಹೊರಟರೆ ಮೂರು ಬರ್ತ್ ಇದ್ದರೆ ಚೆನ್ನ.

ಬುಕ್ ಮಾಡುವಾಗ "ಒಂದಾದರೂ ಕೆಳಗಿನ ಬರ್ತ್ ಸಿಕ್ಕರೆ ಮಾತ್ರ" ಅನ್ನುವ ಆಯ್ಕೆ ಇದೆ, ಅದನ್ನು ಒತ್ತಿ. ನಲವತ್ತೈದು ದಾಟಿದ ಹೆಂಗಸರಿಗೆ ಮತ್ತು ಗರ್ಭಿಣಿಯರಿಗೆ ಕೆಳಬರ್ತ್ ಕೋಟಾ ಇದೆ. ಸ್ಲೀಪರ್ ದರ್ಜೆಯಲ್ಲಿ ಮಹಿಳೆಯರಿಗೇ ಆರು ಬರ್ತ್‌ಗಳ ಕೋಟಾ ಉಂಟು. ಗಂಡ ಜೊತೆಯಲ್ಲಿ ಬರದಿದ್ದಾಗ ಅದನ್ನು ಮರೆಯಬೇಡಿ. 2022ರಲ್ಲಿ ಲಕ್ನೋ ಮೇಲ್‌ನಲ್ಲಿ ಕೆಳಬರ್ತ್‌ಗೆ ಅಂಟಿಸಿದ ಪುಟ್ಟ ಮಡಚುವ ಶಿಶುಬರ್ತನ್ನು ಪ್ರಯೋಗಕ್ಕೆ ಇಟ್ಟಿದ್ದರು. ಫೋಟೋ ನೋಡಿ ನಾವೆಲ್ಲ ಖುಷಿಪಟ್ಟೆವು. ಆದರೆ ನಮ್ಮ ದಾರಿಯ ರೈಲಿನಲ್ಲಿ ಅದನ್ನು ನಂಬಿಕೊಂಡು ಹೊರಡುವಂತಿಲ್ಲ. ನಮ್ಮ ಸೆರಗು, ನಮ್ಮ ದುಪ್ಪಟ್ಟಾವೇ ಗತಿ.

ಊಟದ ವಿಷಯ ನಿಮಗೆ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. ಕೇರಳದ ಸೆಕೆಗೆ ತೆಂಗಿನಕಾಯಿ ಚಟ್ನಿ ಸಂಜೆಗೇ ಹುಳಿಯಾಗುತ್ತದೆ. ಎಣ್ಣೆ ಸವರಿದ ಇಡ್ಲಿಗೆ ಚಟ್ನಿಪುಡಿ ಸಾಕು. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ, ಹೆಪ್ಪಿಗೆ ಒಂದು ಚಮಚ ಮೊಸರು ಬೆರೆಸಿದರೆ ರಾತ್ರಿ ಊಟಕ್ಕೆ ಸರಿಹೋಗುತ್ತದೆ. ವರ್ಷ ದಾಟಿದ ಮಗುವಿಗೆ ರಾಗಿ ಹುರಿಹಿಟ್ಟು ಒಯ್ಯಿರಿ. ರಾಗಿ ಸರಿಯ ಹಾಗೆ ಬೇಯಿಸುವ ಕೆಲಸವಿಲ್ಲ, ಬಿಸಿನೀರಿನಲ್ಲಿ ಕಲಸಿದರೆ ಆಯಿತು. ಬಾಟಲಿ ಹಾಲು ಕುಡಿಯುವ ಮಗುವಾದರೆ ಹಾಲನ್ನು ಮೊದಲೇ ಕಲಸಿ ಫ್ಲಾಸ್ಕಿನಲ್ಲಿಡಬೇಡಿ. ಬೆಚ್ಚಗಿನ ಹಾಲಿನಲ್ಲಿ ಕ್ರಿಮಿಗಳು ಬೇಗ ಬೆಳೆಯುತ್ತವೆ. ಕಲಸಿದ ಪುಡಿಹಾಲನ್ನು ಎರಡು ಗಂಟೆಯೊಳಗೆ ಬಳಸಬೇಕು, ಮಗು ಬಾಯಿಟ್ಟು ಬಿಟ್ಟದ್ದನ್ನು ಚೆಲ್ಲಬೇಕು. ಪುಡಿಯನ್ನು ಒಂದೊಂದು ಸಲಕ್ಕೆ ಅಳೆದು ಬೇರೆ ಡಬ್ಬಿಗಳಲ್ಲಿ, ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಒಯ್ಯಿರಿ. ಇಡೀ ಕಡಲೆಕಾಯಿ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿ ಪುಟ್ಟ ಮಕ್ಕಳಿಗೆ ಬೇಡ. ಗಾಡಿ ಕುಲುಕಿದಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪಳಂಪೊರಿ ಮಾರುವವನು ಬಂದರೆ ದೊಡ್ಡ ಮಕ್ಕಳಿಗೆ ಒಂದು ಕೊಡಿಸಿ. ಕೇರಳದ ರೈಲು ಹತ್ತಿ ಅದಿಲ್ಲದಿದ್ದರೆ ಹೇಗೆ?

ಇನ್ನು ರಾತ್ರಿ. ಪಾಲಕ್ಕಾಡ್ ದಾಟುವಾಗ ಹಲ್ಲುಜ್ಜಿಸಿ, ಶೌಚಕ್ಕೆ ಕರೆದುಕೊಂಡು ಹೋಗಿ ಬನ್ನಿ. ಮಗುವಿನ ಕೈ ಬಿಡಬೇಡಿ. ಎರಡು ಬೋಗಿಗಳ ನಡುವಿನ ದಾರಿ ಮತ್ತು ಭಾರದ ಬಾಗಿಲು ಪುಟ್ಟ ಬೆರಳುಗಳಿಗೆ ಶತ್ರು. ಸ್ಲೀಪರಿನ ಕಿಟಕಿ ಶಟರ್ ಕೂಡ ಹಾಗೆಯೇ, ಇಳಿಸಿದ ಮೇಲೆ ಕೊಂಡಿ ಹಾಕಿದೆಯೇ ನೋಡಿ. ಡೈಪರನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ. ಈಗಿನದು ಬಯೋಟಾಯ್ಲೆಟ್, ಒಂದು ಡೈಪರ್ ಹಾಕಿದರೂ ಕಟ್ಟಿಕೊಂಡು ಇಡೀ ಬೋಗಿಗೆ ತೊಂದರೆ. ಐದಾರು ವರ್ಷದವರೆಗೆ ಮಕ್ಕಳನ್ನು ಮೇಲಿನ ಬರ್ತಿನಲ್ಲಿ ಮಲಗಿಸಬೇಡಿ, ಎಷ್ಟು ಹಟ ಮಾಡಿದರೂ ಸರಿ. ಕೆಳಗಿನ ಬರ್ತಿನಲ್ಲಿ ಮಗು ಗೋಡೆ ಕಡೆ, ದೊಡ್ಡವರು ಅಂಚಿನ ಕಡೆ. ಮಗು ಒಂದೇ ಮಲಗಿದ್ದರೆ ಬರ್ತಿನ ಕೆಳಗಿನ ನೆಲದ ಮೇಲೆ ಮೆತ್ತನೆಯ ಬಟ್ಟೆಚೀಲ ಇಡಿ. ಎಸಿ ಬೋಗಿಯಲ್ಲಿ ನಡುರಾತ್ರಿ ಚಳಿ ಜಾಸ್ತಿಯಾಗುತ್ತದೆ. ಟೋಪಿ, ಕಾಲುಚೀಲ ಮೊದಲೇ ಹಾಕಿಬಿಡಿ, ಕೊಟ್ಟ ಹೊದಿಕೆಯ ಕೆಳಗೆ ಮನೆಯ ಹಳೆ ಸೀರೆ ಇರಲಿ. ಆ ವಾಸನೆಗೇ ಮಗು ಸಮಾಧಾನವಾಗುತ್ತದೆ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಲಗುವ ಸಮಯ ಅಂತ ರೈಲ್ವೆಯ ನಿಯಮ. ಹತ್ತರ ಮೇಲೆ ಯಾರಾದರೂ ನಿಮ್ಮ ಬರ್ತಿನಲ್ಲಿ ಕೂತು ಹರಟೆ ಹೊಡೆಯುತ್ತಿದ್ದರೆ ಮಗು ಮಲಗಬೇಕು ಅಂತ ಮೆತ್ತಗೆ ಹೇಳಿ, ಕೇಳದಿದ್ದರೆ ಟಿಟಿಇಗೆ ಹೇಳಿ. ಸಂಕೋಚ ಬೇಡ.

ಈಗ ಮುಖ್ಯ ಮಾತು, ಪಾಳಿ. ಗಂಡ ಜೊತೆಯಲ್ಲಿದ್ದರೆ ಹೊರಡುವ ಮೊದಲೇ, ಮನೆಯಲ್ಲೇ, ರಾತ್ರಿಯನ್ನು ಹಂಚಿಕೊಳ್ಳಿ. ನಮ್ಮ ಮನೆಯಲ್ಲಿ ಇದ್ದ ಕ್ರಮ ಹೀಗೆ. ಕೊಯಮತ್ತೂರು ದಾಟಿ ಸೇಲಂ ಬರುವ ತನಕ ಅಪ್ಪನ ಪಾಳಿ, ಸೇಲಂ ಆದಮೇಲೆ ಅಮ್ಮನ ಪಾಳಿ. ಪಾಳಿ ಅಂದರೆ ಕಣ್ಣು ಬಿಟ್ಟುಕೊಂಡು ಕಾಯುವುದಲ್ಲ. ಆ ಹೊತ್ತಿನಲ್ಲಿ ಮಗು ನೀರು ಕೇಳಿದರೆ, ಉಚ್ಚೆ ಅಂದರೆ, ಹೊದಿಕೆ ಒದ್ದರೆ, ಅತ್ತರೆ ಎದ್ದೇಳುವವರು ಯಾರು ಅನ್ನುವುದು ಗೊತ್ತಿರಬೇಕು, ಅಷ್ಟೇ. ಇದು ಮಾತಾಡಿಕೊಳ್ಳದಿದ್ದರೆ ಏನಾಗುತ್ತದೆ ನಿಮಗೆ ಗೊತ್ತು. ಅಪ್ಪ ಮೇಲಿನ ಬರ್ತ್ ಹತ್ತಿ ಹೊದ್ದು ಮಲಗುತ್ತಾರೆ. ಬೆಳಿಗ್ಗೆ "ಮಕ್ಕಳು ಚೆನ್ನಾಗಿ ಮಲಗಿದವಲ್ಲ" ಅಂತ ಇಳಿಯುತ್ತಾರೆ! ಗಂಡಸರನ್ನು ದೂರುತ್ತಿಲ್ಲ. ಹೇಳಿದರೆ ಬಹಳ ಜನ ಮಾಡುತ್ತಾರೆ, ನಾವು ಹೇಳುವುದಿಲ್ಲ. ಎದೆಹಾಲು ಕುಡಿಯುವ ಮಗುವಾದರೆ ಹಾಲು ಕೊಡುವುದು ಅಮ್ಮನೇ ಆಗಬೇಕು, ನಿಜ. ಆದರೆ ಹಾಲು ಕುಡಿಸಿದ ಮೇಲೆ ತೇಗು ತರಿಸುವುದು, ಬಟ್ಟೆ ಬದಲಿಸುವುದು, ತಟ್ಟಿ ಮಲಗಿಸುವುದು ಅಪ್ಪನಿಗೂ ಬರುತ್ತದೆ.

ಒಬ್ಬರೇ ಹೊರಟಿದ್ದರೆ? ಪಾಳಿ ಹಂಚಲು ಯಾರೂ ಇಲ್ಲ. ಆಗ ಸಾಮಾನು ಕಡಿಮೆ ಮಾಡಿ, ಒಂದು ಬೆನ್ನಚೀಲ, ಒಂದು ಕೈಚೀಲ, ಅಷ್ಟೇ. ಹಣ, ಫೋನು, ಟಿಕೆಟ್ಟು ಮೈಗೆ ಅಂಟಿದ ಸಣ್ಣ ಚೀಲದಲ್ಲಿರಲಿ, ಆಗ ಉಳಿದದ್ದಕ್ಕಾಗಿ ಎಚ್ಚರವಾಗಿರಬೇಕಾಗಿಲ್ಲ. ಟಿಟಿಇ ಬಂದಾಗ "ಮಕ್ಕಳ ಜೊತೆ ಒಬ್ಬಳೇ ಇದ್ದೇನೆ" ಅಂತ ಹೇಳಿಡಿ. ಒಂಟಿಯಾಗಿ ಹೋಗುವ ಹೆಂಗಸರಿಗಾಗಿ ರೈಲ್ವೆ ರಕ್ಷಣಾ ದಳದವರ "ಮೇರಿ ಸಹೇಲಿ" ಕಾರ್ಯಕ್ರಮ 2020ರಿಂದ ಇದೆ. ಎದುರಿಗೆ ಒಂದು ಕುಟುಂಬವೋ ಹಿರಿಯ ಹೆಂಗಸೋ ಇದ್ದರೆ ಹತ್ತಿದ ಕೂಡಲೇ ಮಾತಾಡಿಸಿ. ಒಮ್ಮೆ ತ್ರಿಶೂರಿನಲ್ಲಿ ಹತ್ತಿದ ಒಬ್ಬ ಅಮ್ಮಚ್ಚಿ, ನನ್ನ ಅರೆಬರೆ ಮಲಯಾಳಂ ಕೇಳಿ ನಕ್ಕು, "ಮೋಳೇ, ನೀ ಉರಙ್ಙಿಕ್ಕೋ" ಅಂದರು, ಮಗಳೇ ನೀನು ಮಲಗು ಅಂತ. ನನ್ನ ಚಿಕ್ಕವಳನ್ನು ತೊಡೆಯ ಮೇಲೆ ಹಾಕಿಕೊಂಡು ಎರಡು ಗಂಟೆ ತಟ್ಟಿದರು. ನಾನು ಅದೇ ಬರ್ತಿನ ಇನ್ನೊಂದು ಕಡೆ ಒರಗಿ ನಿದ್ದೆ ಹೋದೆ. ಅವರ ಹೆಸರನ್ನೂ ಕೇಳಿರಲಿಲ್ಲ. ಹಾಗಂತ ಮಗುವನ್ನು ಯಾರ ಕೈಗೋ ಕೊಟ್ಟು ಕಣ್ಮರೆಯಾಗಬೇಡಿ, ಯಾರೋ ಕೊಟ್ಟ ತಿಂಡಿಯನ್ನೂ ತಿನ್ನಿಸಬೇಡಿ. ನಂಬಿಕೆ ಇರಲಿ, ಕಣ್ಣೂ ಇರಲಿ.

ಎರಡು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಒಂದು, ಔಷಧ. ಮಗು ರೈಲಿನಲ್ಲಿ ಸುಮ್ಮನೆ ಮಲಗಲಿ ಅಂತ ಶೀತದ ಸಿರಪ್ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಸೇರಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಮುದ್ರಿಸುವಂತೆ 2023ರ ಡಿಸೆಂಬರ್‌ನಲ್ಲಿ ದೇಶದ ಔಷಧ ನಿಯಂತ್ರಕರು ಹೇಳಿದ್ದಾರೆ. ಚೀಲದಲ್ಲಿ ಪ್ಯಾರಾಸಿಟಮಾಲ್, ಥರ್ಮಾಮೀಟರ್, ಓಆರ್‌ಎಸ್ ಇರಲಿ. ಮಗುವಿನ ತೂಕಕ್ಕೆ ಎಷ್ಟು ಮಿಲಿ ಅಂತ ವೈದ್ಯರಿಂದ ಬರೆಸಿ ಬಾಟಲಿಗೇ ಅಂಟಿಸಿ, ನಡುರಾತ್ರಿ ಮಂಕುಬೆಳಕಿನಲ್ಲಿ ಲೆಕ್ಕ ಹಾಕಬೇಡಿ. ಜ್ವರ ಏರಿದರೆ, ವಾಂತಿ ನಿಲ್ಲದಿದ್ದರೆ 139ಕ್ಕೆ ಕರೆ ಮಾಡಿ, ಟಿಟಿಇಗೂ ಹೇಳಿ. ಮುಂದಿನ ದೊಡ್ಡ ನಿಲ್ದಾಣದಲ್ಲಿ ವೈದ್ಯರು ಬರುವಂತೆ ಕೇಳಬಹುದು.

ಎರಡು, ಮಗು ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದು. ಹೊರಡುವ ದಿನ ಹಾಕಿದ ಬಟ್ಟೆಯಲ್ಲೇ ಮಗುವಿನ ಒಂದು ಫೋಟೋ ತೆಗೆದಿಡಿ. ಜೇಬಿನಲ್ಲಿ ಅಪ್ಪ-ಅಮ್ಮ ಇಬ್ಬರ ಫೋನ್ ನಂಬರ್ ಬರೆದ ಚೀಟಿ ಇರಲಿ. ಹೊರಗಡೆ ಕಾಣುವ ಹಾಗೆ ಹೆಸರು ಬರೆಯಬೇಡಿ, ಹೆಸರು ಹಿಡಿದು ಕರೆದವರ ಹಿಂದೆ ಮಕ್ಕಳು ಹೋಗಿಬಿಡುತ್ತಾರೆ. ನಿಲ್ದಾಣ ಬಂದಾಗ ಮಕ್ಕಳು ಇಳಿಯುವಂತಿಲ್ಲ, ಒಬ್ಬರೇ ದೊಡ್ಡವರಿದ್ದರೆ ಅವರೂ ನೀರಿಗೆಂದು ಇಳಿಯುವಂತಿಲ್ಲ. ಮಗು ಕಾಣದಿದ್ದರೆ ಹುಡುಕುತ್ತಾ ಹೊತ್ತು ಕಳೆಯದೆ ಕೂಡಲೇ ಟಿಟಿಇಗೆ, ರಕ್ಷಣಾ ದಳಕ್ಕೆ, 139ಕ್ಕೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಮಗು ಕೆಳಗಿಳಿದು ಗಾಡಿ ಹೊರಟರೆ ಸರಪಳಿ ಎಳೆಯಿರಿ, ಅದು ಇರುವುದೇ ಇಂಥ ಹೊತ್ತಿಗೆ.

ಐಲ್ಯಾಂಡ್ ಅಂದರೆ ಹಿರಿಯರ ಮನಸ್ಸಿನಲ್ಲಿ ಇನ್ನೊಂದು ಭಯವೂ ಇದೆ. 1988ರ ಜುಲೈ 8ರಂದು ಬೆಂಗಳೂರಿನಿಂದ ಬರುತ್ತಿದ್ದ ಇದೇ ರೈಲು ಕೊಲ್ಲಂ ಬಳಿಯ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಕೆರೆಗೆ ಬಿತ್ತು. ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ತಿರುವನಂತಪುರದ ಹಿರಿಯರೊಬ್ಬರು ಇಂದಿಗೂ ಆ ಸೇತುವೆ ಮೇಲೆ ಕಣ್ಣು ಮುಚ್ಚಿ ಕೈಮುಗಿಯುತ್ತಾರೆ. ಆದರೆ ಅವರೂ ಪ್ರಯಾಣ ನಿಲ್ಲಿಸಲಿಲ್ಲ, ಮಕ್ಕಳನ್ನೂ ಮೊಮ್ಮಕ್ಕಳನ್ನೂ ಅದೇ ರೈಲಿನಲ್ಲಿ ಊರಿಗೆ ಕರೆದೊಯ್ದರು.

ಮಕ್ಕಳಿಗೆ ಈ ದಾರಿಯೇ ಒಂದು ಪಾಠಶಾಲೆ. ಆಲುವಾದಲ್ಲಿ ಪೆರಿಯಾರ್, ಮುಂದೆ ಚಾಲಕ್ಕುಡಿ ಹೊಳೆ, ಬೆಳಕಿದ್ದರೆ ಎಣಿಸಲು ಹೇಳಿ. ನಿಲ್ದಾಣದ ಹಲಗೆಗಳ ಆಟ ಇನ್ನೂ ಚೆನ್ನ. ಸಂಜೆ ಮಲಯಾಳಂ ಅಕ್ಷರ, ಪಾಲಕ್ಕಾಡ್ ದಾಟಿದರೆ ತಮಿಳು, ಎಚ್ಚರವಿದ್ದವರಿಗೆ ನಸುಕಿನಲ್ಲಿ ಕುಪ್ಪಂನಲ್ಲಿ ತೆಲುಗು, ಬಂಗಾರಪೇಟೆಯಲ್ಲಿ ಕನ್ನಡ. ಒಂದೇ ರಾತ್ರಿಯಲ್ಲಿ ನಾಲ್ಕು ಲಿಪಿ! ಇಲ್ಲಿನ ಶಾಲೆಗಳಲ್ಲಿ ಕನ್ನಡ ಕಲಿಯದ ನಮ್ಮ ಮಕ್ಕಳಿಗೆ ಕೃಷ್ಣರಾಜಪುರಂ ಬರುವಾಗ ಹಲಗೆ ಓದಿಸಿ. ನನ್ನ ದೊಡ್ಡವನು "ಕೃ" ಅಕ್ಷರದ ವಟ್ರಸುಳಿಯನ್ನು ಮೊದಲು ಗುರುತಿಸಿದ್ದು ಪುಸ್ತಕದಲ್ಲಲ್ಲ, ಆ ಹಲಗೆಯ ಮೇಲೆ. ಮಂಗಳೂರಿನ ದಾರಿಯವರು ಮಂಜೇಶ್ವರ ಬಂದಾಗ ಇದು ಗೋವಿಂದ ಪೈಗಳ ಊರು ಅಂತ ತೋರಿಸಿ.

ಕೊನೆಗೆ ನಮ್ಮ ವೇದಿಕೆಗೆ ಒಂದು ವಿನಂತಿ. ರಜೆಗೆ ಯಾರು ಯಾವ ದಿನ, ಯಾವ ರೈಲಿನಲ್ಲಿ ಹೊರಡುತ್ತಾರೆ ಅನ್ನುವ ಒಂದು ಪಟ್ಟಿಯನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ, ಬುಕಿಂಗ್ ತೆರೆಯುವ ಮೊದಲೇ, ಮಾಡೋಣ. ಮಕ್ಕಳಿರುವ ಇಬ್ಬರು ತಾಯಂದಿರು ಒಂದೇ ದಿನ ಒಂದೇ ಬೋಗಿಯಲ್ಲಿ ಹೊರಟರೆ ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಮಲಗಬಹುದು. ಮಕ್ಕಳು ದೊಡ್ಡವರಾದ ನಮ್ಮಂಥವರು ಊರಿಗೆ ಹೋಗುವಾಗ ಅದೇ ದಿನಕ್ಕೆ ಟಿಕೆಟ್ ಮಾಡಿಕೊಂಡರೆ ಒಂದು ಮಗುವನ್ನು ನಾವೂ ತಟ್ಟಿಯೇವು. ಆ ತಂಗಿಯ ಹೆಸರನ್ನು ಈ ಸಲದ ಪಟ್ಟಿಯಲ್ಲಿ ಮೊದಲು ಬರೆಯೋಣ. ಅವಳ ಜೊತೆ ಅದೇ ಬೋಗಿಯಲ್ಲಿ ಹೊರಡಲು ನಾನು ಸಿದ್ಧ. ಇನ್ನು ಯಾರು ಬರುತ್ತೀರಿ, ತಿಳಿಸಿ.